ನೀಲವ್ವನ ಒಂದಾಣೆ

ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕುವಾಗ ಈಗಲೂ ಹೆಬ್ಬೆರಳಿಗೆ ಆ ಒಂದಾಣೆ ಸಿಕ್ಕಂತಾಗುತ್ತದೆ.

ತಂಗಿ ನೀಲವ್ವನ ಆ ನಾಣ್ಯದಲ್ಲಿ ಇಸವಿಯ ಅಂಕಿಗಳು ಜೋಡಿಜೋಡಿಯಾಗಿ ಉಬ್ಬಿದ್ದವು. ಪ್ರತಿ ಜೋಡಿಯ ಎರಡನೆಯ ಅಂಕಿ ಬರೀ ಕೊಳೆಯೇನೋ ನೋಡೋಣವೆಂದು, ಅವಳಿಗೆ ಹೇಳದೆ, ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಸವೆಯುವಷ್ಟು ತಿಕ್ಕಿದೆ.

ಮಧ್ಯಾಹ್ನ ಅವಳು ನನ್ನನ್ನೂ ಎಳೆದುಕೊಂಡು ಹೋಗಿ ಘಟಪ್ರಭಾದಲ್ಲಿ ಅಕ್ಕಸಾಲಿ ಕೆಲಸದ ಪತ್ತಾರ ಕಾಕಾನಿಗೆ ಅದನ್ನು ತೋರಿಸಿದಳು. ಕಾಕಾ ಭೂತಗನ್ನಡಿ ಹಿಡಿದ.

“ಅಚ್ಚಿನಾಗ ತಪ್ಪಿದ್ರ ಎರಡೂ ಅಂಕಿ ಉಬ್ಬಿರತಾವು. ಅಂಥಾದ್ದು ಅಪರೂಪ, ಜ್ವಾಪಾನ ಇಟ್ಕೋಬೇಕು. ಹೊಡಿಯೂವಾಗ ಅಚ್ಚು ಅಳ್ಳಾಡಿದ್ರ ಎರಡನೇದು ಚಪ್ಪಟಿ, ಅದಕ್ಕ ಒಂದಾಣೆಕ್ಕಿಂತ ಹೆಚ್ಚಿನ ಕಿಮ್ಮತ್ತಿಲ್ಲ. ಇದು ಸವದೈತಿ, ತಿಳಿಯವಲ್ದು.”

“ಅಕ್ಕಾ, ನೀ ಮೊದ್ಲ ಮುಟ್ಟಿ ನೋಡಿದ್ದಿ ಅಲ್ಲಾ, ಹೆಂಗಿತ್ತು?” ಎಂದಳು ನೀಲವ್ವ.

ಉಬ್ಬಿತ್ತು ಎಂದರೆ ಸವೆಸಿದವರು ಯಾರೆಂಬ ಮಾತು ಬರುತ್ತಿತ್ತು. “ಚಪ್ಪಟಿ ಇತ್ತು” ಎಂದೆ.

ನೀಲವ್ವ ಆ ಒಂದಾಣೆಗೆ ಪುಟಾಣಿ ಕೊಂಡು, ಅರ್ಧ ನನ್ನ ಬೊಗಸೆಗೆ ಸುರಿದಳು.