ಮಂತ್ರಾಕ್ಷತೆಯ ಒಂದು ಕಾಳು

ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಗೆ, ಮಸೂರದ ಅಂಚಿನಲ್ಲಿ, ಒಂದು ಅಕ್ಕಿಕಾಳು! ಅರಿಶಿನ ಹಚ್ಚಿದ ಕಾಳು. ಸಂಜೀವ ಬಗ್ಗಿ ನೋಡಿದ.

"ಎಪ್ಪಡಿ ಸಾರ್, ಹೇಗೆ ಬಂತು ಇದು? ಅಕ್ಷತೆ ಥರಾ ಇದೆಯಲ್ಲ!" ಎಂದ ಪಕ್ಕದಲ್ಲಿದ್ದ ಸಹಾಯಕ ಎಂಜಿನಿಯರ್ ಉದಯ್, ತನ್ನ ತಮಿಳು ಬೆರೆತ ಕನ್ನಡದಲ್ಲಿ.

ಸಂಜೀವ ತನ್ನ ಅರ್ಧ ಆಯುಷ್ಯ ಸುರಿದು ಕಟ್ಟಿದ ಇನ್‌ಫ್ರಾರೆಡ್ ಕ್ಯಾಮೆರಾ ಅದು. ದೂಳು ಕವಿದ ದೂರದ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದು ಕಣ್ಣಿಗೆ ಕಾಣುವುದಿಲ್ಲ. ಅವುಗಳ ಕಾವು ಮಾತ್ರ ದೂಳು ದಾಟಿ ಬರುತ್ತದೆ. ಆ ಇಷ್ಟೇ ಇಷ್ಟು ಕಾವನ್ನು ಹಿಡಿಯಲು ಕ್ಯಾಮೆರಾ ಕೊರೆಯುವಷ್ಟು ತಣ್ಣಗಿರಬೇಕು, ಒಳಗೆ ತೇವದ ಸೋಂಕೂ ಇರಬಾರದು. ಪರೀಕ್ಷೆಗೆಂದು ಗಾಳಿ ತೆಗೆದು ತಣಿಸಿದ ಪೆಟ್ಟಿಗೆಯಲ್ಲಿ ಕಾಳಿನ ತೇವವೆಲ್ಲ ಹೊರಬಂದು ಕ್ಯಾಮೆರಾದ ಕಣ್ಣಿನ ಮೇಲೆ ಹಿಮವಾಗಿ ಕೂತಿತ್ತು. ಇನ್ನು ಒರೆಸಿ, ಒಣಗಿಸಿ, ಮತ್ತೆ ತಣಿಸಿ ಪರೀಕ್ಷಿಸುವಷ್ಟರಲ್ಲಿ, ಇದನ್ನು ಮೇಲಕ್ಕೆ ಒಯ್ಯಬೇಕಿದ್ದ ಬಲೂನು ಬೇರೆಯವರ ಉಪಕರಣ ಹೊತ್ತು ಹಾರಿರುತ್ತದೆ. ಮುಂದಿನ ಬಲೂನಿನ ಹೊತ್ತಿಗೆ ಸಂಜೀವ ರಿಟೈರ್ ಆಗಿರುತ್ತಾನೆ.

ಕಾಳು ಎಲ್ಲಿಂದ ಬಂತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಳ ಬಿಗಿದ ದಿನ ಬೆಳಿಗ್ಗೆ ವಡಪಳನಿಯ ಮನೆಯಲ್ಲಿ ಅಮ್ಮ ರಮಾಬಾಯಿ, ಎಂದಿನಂತೆ, ನಮಸ್ಕಾರ ಮಾಡಿದವನ ತಲೆಯ ಮೇಲೆ ಮಂತ್ರಾಕ್ಷತೆ ಹಾಕಿದ್ದರು. ಒಳ್ಳೆಯ ದಿನವೆಂದು ತುಸು ಹೆಚ್ಚೇ ಹಾಕಿದ್ದರು. ಟೋಪಿ ಇಲ್ಲದವರನ್ನು ಕ್ಯಾಮೆರಾ ಜೋಡಿಸುವ ಕೋಣೆಯ ಹೊಸ್ತಿಲು ತುಳಿಯಲೂ ಬಿಡದ ಈ ಮಹಾರಾಯ, ಮುಚ್ಚುವ ಮುನ್ನ ಖುಷಿ ತಡೆಯಲಾರದೆ ತಾನೇ ಟೋಪಿ ತೆಗೆದು, ಬಗ್ಗಿ, ಕೊನೆಯದಾಗಿ ಒಮ್ಮೆ ಕಣ್ತುಂಬ ನೋಡಿದ್ದ. ಕರ್ಮ!

"ನನ್ನ ತಲೆಯಿಂದಲೇ ಬಿದ್ದದ್ದು," ಎಂದು ನಿರ್ದೇಶಕರ ಮುಂದೆ ಒಪ್ಪಿಕೊಂಡ. ಚೆನ್ನಾಗಿ ಬೈಸಿಕೊಂಡ. ಅಮ್ಮನಿಗೆ ಮಾತ್ರ ತಿಳಿಯಬಾರದು. ಈ ಕ್ಯಾಮೆರಾ ಚೆನ್ನಾಗಿರಲಿ ಎಂದೇ ಮಂಡಿನೋವನ್ನೂ ಲೆಕ್ಕಿಸದೆ ಮಠದ ಮೆಟ್ಟಿಲು ಹತ್ತಿ ತಂದ ಅಕ್ಷತೆ ಅದು. ತಿಳಿದರೆ ಮುದುಕಿ ಉಳಿಯುವುದುಂಟೇ?

"ಯಾವತ್ತೋ ಸಂಜೂ, ನಿನ್ನ ಬಲೂನು ಹಾರೋದು?" ಎಂದು ಅಮ್ಮ ಸಂಜೆ ಕೇಳಿದರು.

"ಲೇಟಾಗತ್ತಮ್ಮಾ. ಮೇಲುಗಡೆ ಗಾಳಿ ಸರಿಯಿಲ್ವಂತೆ."

"ಆಗ್ಲಿ ಬಿಡು, ರಾಯರಿದ್ದಾರೆ. ಬೂದಿ ಮುಚ್ಚಿದ ಕೆಂಡದ ಮೇಲೆ ಅಂಗೈ ಹಿಡಿದು ಕಾವು ನೋಡೋ ಹಾಗೆ ಅಂದಿದ್ಯಲ್ಲ? ನೋಡೇ ನೋಡತ್ತೆ ನಿನ್ನ ಕ್ಯಾಮೆರಾ."

ಸಂಜೀವ ತಲೆಯಾಡಿಸಿ ಬಾಲ್ಕನಿಗೆ ಹೋದ.

ಭಾನುವಾರ ಉದಯ್ ಸಮಾಧಾನ ಹೇಳಲೆಂದು ಮನೆಗೆ ಬಂದ. ಪಾಪ, ಅವನಿಗೇನು ಗೊತ್ತು? ಕೂತವನೇ ಶುರುಮಾಡಿದ. "ಡೈರೆಕ್ಟರ್‌ಗೆ ಇನ್ನೂ ಕೋಪಂ ಇಳಿದಿಲ್ಲ ಸಾರ್. ಆಫ್ಟರಾಲ್ ತಲೆಯಿಂದ ಬಿದ್ದ ಒಂದು ಅಕ್ಷತೆ ಕಾಳಿಗೆ ಇಷ್ಟು ವರ್ಷದ ಕೆಲಸ ಪೋಚ್ಚು, ಹಾಳಾಗಿ ಹೋಯ್ತು ಅಂದ್ರೆ..."

ಸಂಜೀವ ಕಣ್ಣು ದೊಡ್ಡದು ಮಾಡಿ, ಸುಮ್ಮನಿರು ಎಂದು ಸನ್ನೆ ಮಾಡಿದ. ಅಡುಗೆಮನೆಯಲ್ಲಿ ಡಬರಾಕ್ಕೂ ಲೋಟಕ್ಕೂ ಕಾಫಿ ಎತ್ತಿ ಹೊಯ್ಯುತ್ತಿದ್ದ ಸದ್ದು ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಅಮ್ಮ ಕಾಫಿ ತಂದಿಟ್ಟರು.

"ಸಕ್ಕರೆ ಸಾಕಾ ನೋಡಪ್ಪ," ಎಂದು ಉದಯ್‌ಗೆ ಹೇಳಿ ಒಳಗೆ ಹೋದರು. ಮುಖದಲ್ಲಿ ಏನೂ ಇರಲಿಲ್ಲ. ಸದ್ಯ, ಕೇಳಿಸಲಿಲ್ಲ ಎಂದುಕೊಂಡ ಸಂಜೀವ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟವನು ಎಂದಿನಂತೆ ದೇವರ ಮುಂದೆ ಬಂದು ನಿಂತ. ಅಕ್ಷತೆಯ ಬೆಳ್ಳಿ ಬಟ್ಟಲು ರಾಯರ ಪಟದ ಕೆಳಗೆ ಮುಚ್ಚಿದಂತೆಯೇ ಇತ್ತು. ಬಚ್ಚಲಿನಲ್ಲಿ ನಲ್ಲಿ ಸುರಿಯುತ್ತಿತ್ತು, ಬಹಳ ಹೊತ್ತು ಸುರಿಯಿತು. ಆಮೇಲೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಎಷ್ಟು ಉಜ್ಜಿದ್ದರೋ, ಬೆರಳ ತುದಿಗಳು ಕೆಂಪಗಾಗಿದ್ದವು.

ಸಂಜೀವ ಕಾಲಿಗೆರಗಿದ. ಅವನ ತಲೆಯ ಮೇಲೆ ಇಳಿದದ್ದು ಬರಿಗೈ. ತಣ್ಣಗಿತ್ತು.

"ಚೆನ್ನಾಗಿ ತೊಳ್ಕೊಂಡಿದೀನಿ ಕಣೋ," ಎಂದರು ಅಮ್ಮ. "ಹೆದರ್ಬೇಡ."