ತತ್ತಿ ಗಾಡಿಯ ನೆನಪು

“ಸ್ಪೆಷಲ್ ಎಡಿಷನ್ ತಗೋರಿ, ಅಕ್ಕಾರ. ರೇಸ್ ಗೆದ್ದ ಗಾಡೀ ನೆನಪು ತುಂಬಿರ್ತೈತಿ. ಕಪ್ಪು-ಬಂಗಾರದ ಬಣ್ಣ ಬ್ಯಾರೆ,” ಎಂದು ಗದಗಿನ ಶೋರೂಮಿನ ಮಲ್ಲೇಶಿ ಕೊನೆಯ ಸಲ ಹೇಳಿ ನೋಡಿದ. ಸ್ಟ್ಯಾಂಡರ್ಡ್ ಬೈಕು ಖಾಲಿ ನೆನಪಿನದು. ಯಾವುದಾದರೂ ಹಳೆಯ ಗಾಡಿಯ ನೆನಪನ್ನು ಅದಕ್ಕೆ ಇಳಿಸಿಕೊಳ್ಳಬೇಕು; ಆಮೇಲೆ ಅದು ಆ ನೆನಪಿನಂತೆಯೇ ಓಡುತ್ತದೆ.

“ನಮ್ಮವ್ವನ ತತ್ತಿ ಗಾಡೀದು ಹಾಕ್ರಿ,” ಎಂದಳು ನೀಲಾಂಬಿಕಾ. ಪಕ್ಕದಲ್ಲೇ ನಿಂತಿದ್ದ ಅವಳ ಅವ್ವ ದ್ಯಾಮವ್ವ ಮೊಪೆಡ್ಡಿನ ಹಿಂದೆ ಮೊಟ್ಟೆಯ ಟ್ರೇಗಳನ್ನು ಕಟ್ಟಿಕೊಂಡು ಊರೂರು ಮಾರಿದವಳು. ಆ ಮೊಪೆಡ್ ಇವತ್ತು ಗುಜರಿಗೆ ಹೊರಟಿತ್ತು.

ನೆನಪು ಇಳಿಯಿತು, ಪೂಜೆಯೂ ಆಯಿತು. ಮಲ್ಲೇಶಿ ಹೊಸ ಬೈಕಿನ ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ನೀಲಾಂಬಿಕಾ ಆಕ್ಸಿಲರೇಟರ್ ತಿರುವಿದಳು. ಇಂಜಿನ್ ಗುರುಗುಟ್ಟಿತೇ ಹೊರತು ಗಾಲಿ ಕದಲಲಿಲ್ಲ. ಮತ್ತೆ ತಿರುವಿದಳು. ಊಹೂಂ.

“ನಾ ಹೇಳಿದ್ನಲ್ಲ! ರೇಸಿನ ಗಾಡಿ ಆಗಿದ್ರ ಒಂದ ಏಟಿಗೆ ಹಣ್ಣ ಒಡದು ಹೋಗ್ತಿತ್ತು,” ಎಂದ ಮಲ್ಲೇಶಿ.

ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅದನ್ನ ತತ್ತಿ ಅಂತ ತಿಳದೈತಿ, ತಮ್ಮಾ.”

ಶೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀಲಾಂಬಿಕಾ ಇಳಿದು ನಿಂಬೆಹಣ್ಣನ್ನು ಎತ್ತಿ, ಒರೆಸಿ, ಅವ್ವನ ಕೈಗಿಟ್ಟಳು.

“ಇಟ್ಕೊ ಅವ್ವಾ,” ಎಂದಳು ಎಲ್ಲರಿಗೂ ಕೇಳುವಂತೆ, “ನಮ್ಮ ಗಾಡಿ ಇವತ್ತಿನ ತನಕ ಒಂದೂ ಒಡದಿಲ್ಲ.”