ಮೇಜು ಅಲುಗಬಾರದು

ಲೇಸರ್ ಇಟ್ಟಿದ್ದ ಮೇಜು ಮತ್ತೆ ನಡುಗಿತು. ಪರದೆಯ ಮೇಲಿನ ಗೆರೆ ಕದಡಿಹೋಯಿತು.

ಅಣುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲೆಕ್ಟ್ರಾನ್ ಹಾಯುವುದನ್ನು ಹಿಡಿಯಲು ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ ವರ್ಷಗಟ್ಟಲೆ ಕಾದಿದ್ದಳು. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅದು ಕೋಟಿ ಕೋಟಿ ಸಲ ಹೋಗಿಬಂದಿರುತ್ತದೆ. ಇವತ್ತು ಸಿಗದಿದ್ದರೆ ನಾಳೆಯಿಂದ ಯಂತ್ರ ಬೇರೆ ತಂಡದ ಪಾಲು.

"ಸರ್, ಹೊರಗೆ ಯಾವುದೋ ಮೋಟರ್ ಓಡ್ತಿದೆ. ಅದಕ್ಕೇ ಮೇಜು ಅಲ್ಲಾಡ್ತಿರೋದು."

ಪ್ರೊಫೆಸರು ಕಟ್ಟಡಗಳ ಉಸ್ತುವಾರಿಯವನಿಗೆ ಫೋನು ಮಾಡಿದರು.

"ಮರಿಗೌಡ್ರೇ, ನಮ್ಮ ಲ್ಯಾಬಿನ ಹಿಂದೆ ಅದೇನ್ರೀ, ಹಿಟ್ಟಿನ ಗಿರಣಿ ಹಾಕಿದ್ದೀರಾ? ಮೊದ್ಲು ನಿಲ್ಲಿಸ್ರೀ."

"ಸಾ, ಅಲ್ಲಿ ಆಳು ಕೆಲ್ಸ ಮಾಡ್ತಾವ್ನೆ. ಒಂದರ್ಧ ಗಂಟೆ..."

"ನಿಮ್ಮ ಕೆಲ್ಸ ನಾಳೆ ಮಾಡ್ಕೊಳ್ಳಿ. ಡೈರೆಕ್ಟರ್ ಕೈಲೇ ಹೇಳಿಸ್ಲಾ?"

"ಬ್ಯಾಡಿ ಸಾ. ಆಫ್ ಮಾಡಿಸ್ತೀನಿ."

ಮೋಟರ್ ನಿಂತಿತು. ಮೇಜು ಸ್ಥಿರವಾಯಿತು. ಗೆರೆ ಮೆಲ್ಲಗೆ ತಿಳಿಯಾಗುತ್ತ ಬಂದು, ಎಲೆಕ್ಟ್ರಾನ್ ಹಾಯ್ದದ್ದು ಕೊನೆಗೂ ಕಂಡಿತು.

"ಗೆದ್ದೆಯಮ್ಮಾ!" ಪ್ರೊಫೆಸರು ಚಪ್ಪಾಳೆ ತಟ್ಟಿದರು. "ಇನ್ನಾದ್ರೂ ಹೋಗಿ ಒಂದು ಕಾಫಿ ಕುಡಿ."

ಅವಳು ಹಿಂಬಾಗಿಲಿನಿಂದ ಹೊರಬಂದಳು. ತೆರೆದಿದ್ದ ಒಳಚರಂಡಿ ಗುಂಡಿಯ ಸುತ್ತ ಜನ ಒಳಗೆ ಬಗ್ಗಿ ನೋಡುತ್ತ ನಿಂತಿದ್ದರು. ಗುಂಡಿಗೆ ಇಳಿಬಿಟ್ಟ ಹಗ್ಗವನ್ನು ಹಿಡಿದು ಕೂತಿದ್ದ ಹೆಂಗಸು ಅಳುತ್ತಿರಲಿಲ್ಲ. ತಲೆಯೆತ್ತಿ ವಿದ್ಯಾರ್ಥಿನಿಯನ್ನು ನೋಡಿ, ದಾರಿ ಕೇಳುವವಳಂತೆ ಕೇಳಿದಳು:

"ಒಳಗಿದ್ದ ನಮ್ಮೆಜಮಾನ್ರಿಗೆ ಗಾಳಿ ಬುಡ್ತಿದ್ದ ಮೋಟ್ರ ಯಾಕವ್ವಾ ನಿಲ್ಸುದ್ರು?"